ಊಟದ ಮೇಜಿನ ಗಾಜು

ಪೆನ್ಸಿಲಿನ ಮೊನೆಯನ್ನು ಗಾಜಿನ ಮೇಲೆ ಊರಿ, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ನೋಡಿದ. ಮೊನೆಗೂ ಅದರ ಬಿಂಬಕ್ಕೂ ನಡುವೆ ಕೂದಲೆಳೆಯಷ್ಟೂ ಸಂದಿಯಿರಲಿಲ್ಲ. ನಂಬಿಕೆಯಾಗದೆ ಸ್ವಲ್ಪ ಆಚೆ ಊರಿದ. ಅಲ್ಲೂ ಅದೇ. ಕಟ್ಟಡಗಳ ಹೊರಮೈಗೆ ಹಾಕುವ ಇಂಥ ಗಾಜಿನ ಒಂದು ಮುಖಕ್ಕೆ ಮಾತ್ರ ಲೋಹದ ಪದರವಿರುತ್ತದೆ, ಕಣ್ಣಿಗೆ ಕಾಣದಷ್ಟು ತೆಳುವಾದದ್ದು. ಆಕಾಶವನ್ನು ಹಿಡಿದು ಬೀದಿಗೆ ತೋರಿಸುವುದು ಅದೇ. ಪದರ ಕೆಳಗಿದ್ದರೆ ಮೊನೆಗೂ ಬಿಂಬಕ್ಕೂ ಗಾಜಿನ ದಪ್ಪದಷ್ಟು ಅಂತರ ಕಾಣುತ್ತದೆ, ಮೇಲಿದ್ದರೆ ಎರಡೂ ಒಂದನ್ನೊಂದು ಮುಟ್ಟುತ್ತವೆ. ಕಚೇರಿಗೆ ಹೊಸದಾಗಿ ಸೇರಿದವರಿಗೆಲ್ಲ ಈ ಪರೀಕ್ಷೆಯನ್ನು ಅವನು ಮೊದಲ ದಿನವೇ ಕಲಿಸುತ್ತಿದ್ದ. ಪದರದ ಮುಖ ಯಾವತ್ತೂ ಒಳಕ್ಕೆ. ಗಾಳಿ, ಮಳೆ, ಕೈ ಯಾವುದೂ ತಾಗದ ಕಡೆಗೆ. "ಅಂಗಿ ತಿರುವಿ ಹಾಕ್ಕೊಂಡು ಮದುವೆಗೆ ಹೋಗ್ತೀರೇನ್ರಪ್ಪಾ?" ಎಂದು ಕೇಳಿ ಅವರನ್ನು ನಗಿಸುತ್ತಿದ್ದ. ಈಗ ನೋಡಿದರೆ ತನ್ನ ಮನೆಯ ಊಟದ ಮೇಜೇ ಇಷ್ಟು ವರ್ಷ ಅಂಗಿ ತಿರುವಿ ಹಾಕಿಕೊಂಡು ಕೂತಿತ್ತು. ದೀಪದ ಬುಡದಲ್ಲೇ ಕತ್ತಲೆ ಎಂದರೆ ಇದೇ ಇರಬೇಕು. ಅವನು ಎತ್ತಿ ನೋಡಿದ್ದು ಹೊದಿಕೆಯ ಒಂದು ಅಂಚನ್ನು ಮಾತ್ರ, ಕಿಟಕಿಯ ಕಡೆಯ ತುದಿಯನ್ನು. ಹೆಂಡತಿ ಹೋದ ಮೇಲೆ ಮೇಜಿನ ಮೇಲೆ ಒಂದು ಹಳೆಯ ದುಪ್ಪಟಿ ಹೊದಿಸಿ, ಅದರ ಮೇಲೆ ನಕ್ಷೆಗಳ ಸುರುಳಿ, ಗಾಜಿನ ತುಂಡುಗಳ ಮಾದರಿ, ಔಷಧಿ ಡಬ್ಬಿ ಎಲ್ಲ ಪೇರಿಸಿದ್ದ. ಊಟವನ್ನು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಮುಗಿಸುವುದು ಅಭ್ಯಾಸವಾಗಿತ್ತು. ಈಗ ಆ ಪೇರಿಕೆಯನ್ನೆಲ್ಲ ಕುರ್ಚಿಗಳ ಮೇಲೆ ಸಾಗಿಸಿದ. ದುಪ್ಪಟಿಯನ್ನು ಮಾತ್ರ ತೆಗೆಯಲಿಲ್ಲ. ಗಾಜು ಬಿಚ್ಚಿಕೊಂಡು ಹೋಗಲು ಮೇಸ್ತ್ರಿ ಬರುವ ಹೊತ್ತಾಗಿತ್ತು.

ಸಂಜೆ ಮಗಳು ವ್ಯಾನು ತರುತ್ತಾಳೆ. ಹೊಸ ಮನೆಗೆ ಸಾಮಾನು ಸಾಗಿಸುತ್ತಿರುವ ಅವಳಿಗೆ ಈ ಮನೆಯಿಂದ ಬೇಕಾಗಿದ್ದು ಒಂದೇ. "ಅಪ್ಪ, ನನಗೆ ಅಮ್ಮನ ಟೇಬಲ್ ಕೊಡಿ. ಬೇರೇನೂ ಬೇಡ," ಎಂದು ಹೋದ ವಾರ ಫೋನಿನಲ್ಲಿ ಹೇಳಿದ್ದಳು. ತಾಯಿಯನ್ನು ನೀನು ಎನ್ನುತ್ತಿದ್ದವಳು ಅವನನ್ನು ಎಂದೂ ನೀವು ಎಂದೇ ಕರೆದವಳು. ಬೇರೆಯವರ ಎದುರು ಅದು ಮರ್ಯಾದೆಯಾಗಿ ಕೇಳುತ್ತಿತ್ತು, ಫೋನಿನಲ್ಲಿ ಮಾತ್ರ ಯಾವುದೋ ಕಚೇರಿಯಿಂದ ಕರೆ ಬಂದ ಹಾಗೆ. ಧಾರಾಳವಾಗಿ ತಗೊಂಡು ಹೋಗಮ್ಮ ಎಂದಿದ್ದ. ಅದಾದ ಮೂರನೆಯ ದಿನಕ್ಕೆ ಅದೇ ಬಾಯಿಂದ, ಕಚೇರಿಯ ಸಭೆಯಲ್ಲಿ, "ಒಂದು ಗಾಜು ಇದೆ, ನನ್ನ ಹತ್ರಾನೇ ಇದೆ," ಎಂದುಬಿಟ್ಟಿದ್ದ. ಎರಡೂ ಮಾತು ಆಡುವಾಗ ಅವನು ಸುಳ್ಳು ಹೇಳುತ್ತಿರಲಿಲ್ಲ, ಅದೇ ತೊಂದರೆ. ಮೇಜಿಗೆ ಬೇರೆ ಗಾಜು ಕೂರಿಸಿದರಾಯಿತು, ಮರದ ಚೌಕಟ್ಟು ಅದೇ ತಾನೇ, ಅವಳಿಗೇನು ಗೊತ್ತಾಗುತ್ತದೆ ಎಂದು ಸಮಾಧಾನ ಮಾಡಿಕೊಂಡು ಅಳತೆ ಕೊಟ್ಟು ಪದರವಿಲ್ಲದ ಒಂದು ಬಿಳಿ ಗಾಜನ್ನು ಮಾಡಿಸಿದ್ದ. ಮಧ್ಯಾಹ್ನದ ಹೊತ್ತಿಗೆ ಅದು ಬರಬೇಕು. ಪಕ್ಕದ ಮನೆಯವರ ಹತ್ತಿರ ಬೀಗದ ಕೈ ಕೊಟ್ಟಿದ್ದ.

ಅವನೇ ವಿನ್ಯಾಸ ಮಾಡಿ ಕಟ್ಟಿಸಿದ ನೀಲಿ ಕಟ್ಟಡದ ಗಾಜು ಒಡೆದದ್ದು ಯಾರೂ ಮುಟ್ಟದೆ. ಕೆಳಗಿನ ಮಹಡಿಗಳ ನಡುವೆ ಸೊಂಟಪಟ್ಟಿಯಂತೆ ಸುತ್ತು ಹಾಕಿದ್ದ ಸಾಲಿನಲ್ಲಿ ಒಂದು, ಬಿಸಿಲಿಲ್ಲದ, ಗಾಳಿಯಿಲ್ಲದ ಒಂದು ಮಧ್ಯಾಹ್ನ ತಾನಾಗಿ ಸಿಡಿದು, ಅಕ್ಕಿ ಚೆಲ್ಲಿದ ಹಾಗೆ ಕಾಲುದಾರಿಯ ಮೇಲೆ ಸುರಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಕಾಯಿಸಿ ಗಟ್ಟಿ ಮಾಡಿದ ಗಾಜಿನೊಳಗೆ ಎಲ್ಲೋ ಒಂದೊಂದರಲ್ಲಿ ಸಾಸಿವೆಗಿಂತ ಚಿಕ್ಕ ಕಲ್ಲು ಉಳಿದುಬಿಡುತ್ತದೆ. ಅದು ವರ್ಷಗಟ್ಟಲೆ ಸುಮ್ಮನಿದ್ದು, ಒಳಗೊಳಗೇ ಊದಿ, ಒಂದು ದಿನ ಗಾಜನ್ನು ಪುಡಿ ಮಾಡುತ್ತದೆ. ಸಭೆಯಲ್ಲಿ ಅವನು ಇದನ್ನು ವಿವರಿಸುತ್ತಿದ್ದರೆ, ಒಂದು ಕಾಲದಲ್ಲಿ ಅವನ ಕೈಕೆಳಗೆ ಗೆರೆ ಎಳೆಯಲು ಕಲಿತು ಈಗ ಕಚೇರಿಯ ಪಾಲುದಾರನಾಗಿರುವವನು ಗಡಿಯಾರ ನೋಡಿಕೊಂಡ. ಆ ನೀಲಿ ಪದರದ ಗಾಜನ್ನು ಕಾರ್ಖಾನೆಯವರು ನಿಲ್ಲಿಸಿ ಕಾಲವಾಗಿತ್ತು. ತರಿಸಿದ ಮಾದರಿಗಳೆಲ್ಲ ಒಂದೋ ಹಸಿರಿಗೆ ತಿರುಗಿದವು, ಇಲ್ಲ ಬೂದಿಗೆ. ಒಡೆದ ಜಾಗಕ್ಕೆ ಪ್ಲೈವುಡ್ ಹೊಡೆದಿದ್ದರು. ರಸ್ತೆಯಿಂದ ನೋಡಿದರೆ ನಗುವ ಬಾಯಲ್ಲಿ ಹಲ್ಲು ಬಿದ್ದ ಹಾಗಿತ್ತು. "ಸರ್, ಬೇಜಾರು ಮಾಡ್ಕೋಬೇಡಿ," ಎಂದ ಪಾಲುದಾರ, "ಮಾಲೀಕರಿಗೆ ಹೇಗೂ ಕಟ್ಟಡದ ಹೊರಮೈ ಇಡೀ ಬದಲಾಯಿಸೋ ಆಸೆ ಇದೆ. ಈಗ ಯಾರೂ ಕನ್ನಡಿ ಥರದ ಗಾಜು ಹಾಕಲ್ಲ, ಎಲ್ಲಾ ಒಳಗಿಂದ ಹೊರಗೆ ಕಾಣೋ ಬಿಳೀದೇ. ಇದಕ್ಕೆ ಹೊಂದೋ ಗಾಜು ಸಿಗಲಿಲ್ಲ ಅಂದ್ರೆ ಅದನ್ನೇ ನೆಪ ಮಾಡ್ಕೊಂಡು ನೀಲಿ ಎಲ್ಲಾ ತೆಗೆಸ್ತಾರೆ. ಸಿಕ್ಕಿದ್ರೆ ಸದ್ಯಕ್ಕೆ ಬಿಡ್ತಾರೆ, ಅಷ್ಟೇ." ಮೇಜಿನ ಸುತ್ತ ಕೂತಿದ್ದವರಲ್ಲಿ ಒಬ್ಬಳು ಕೆಮ್ಮಿದಳು. ಅದು ನಗು ಮುಚ್ಚಿಕೊಳ್ಳುವ ಕೆಮ್ಮೆಂದು ಅವನಿಗೆ ಅನ್ನಿಸಿತು. ಆಗಲೇ ಅವನ ಬಾಯಿಂದ ಆ ಮಾತು ಹೊರಟದ್ದು. ಒಂದು ಗಾಜು ಇದೆ. ಎಲ್ಲರೂ ತಲೆಯೆತ್ತಿ ನೋಡಿದರು. ಬಹಳ ದಿನಗಳ ಮೇಲೆ ಅವರು ಹಾಗೆ ನೋಡಿದ್ದರು.

ಅದು ಅದೇ ಸಾಲಿನ, ಅದೇ ಅಳತೆಯ, ಮಿಕ್ಕುಳಿದ ಗಾಜು. ಕಟ್ಟಡ ಮುಗಿದಾಗ ಇಂಥ ಮಿಕ್ಕ ಗಾಜನ್ನು ಮನೆಗೊಯ್ದು ಮೇಜು ಮಾಡಿಸುವುದು ಅವರ ಕಸುಬಿನವರೆಲ್ಲರ ಚಾಳಿ. ಗಟ್ಟಿ ಮಾಡಿದ ಗಾಜನ್ನು ಆಮೇಲೆ ಕತ್ತರಿಸಲಾಗದು, ಕೊಯ್ಯಲು ಹೋದರೆ ಪೂರ್ತಿ ಪುಡಿ. ಹಾಗಾಗಿ ಗಾಜಿನ ಅಳತೆಗೇ ಮೇಜು, ಮೇಜಿನ ಅಳತೆಗೆ ಮನೆಯವರು. ಆಗಿದ್ದ ಬಾಡಿಗೆ ಮನೆಯಲ್ಲಿ ಮೇಜನ್ನು ದಾಟಿ ಅಡುಗೆಮನೆಗೆ ಹೋಗಬೇಕಾದರೆ ಹೊಟ್ಟೆ ಒಳಗೆಳೆದು ಅಡ್ಡಡ್ಡ ನಡೆಯಬೇಕಿತ್ತು. "ಮನೇಲಿ ಟೇಬಲ್ ಇದ್ಯೋ, ಟೇಬಲ್ ಮೇಲೆ ಮನೆ ಇದ್ಯೋ," ಎಂದು ಹೆಂಡತಿ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಆಳುಗಳು ಗಾಜನ್ನು ಎತ್ತಿ ಹಿಡಿದುಕೊಂಡು, ಯಾವ ಮುಖ ಮೇಲೆ ಸಾರ್ ಎಂದು ಕೇಳಿದ್ದು ಅವನಿಗೆ ಈಗ ನೆನಪಾಯಿತು. ಅವನು ಫೋನಿನಲ್ಲಿದ್ದ. ಅವಳು ಬಂದು ತೋಳು ಮುಟ್ಟಿ, "ರೀ, ಕೇಳ್ತಾ ಇದಾರೆ, ಯಾವ ಕಡೆ ಮೇಲೆ?" ಎಂದಳು. ಫೋನಿಗೆ ಅಂಗೈ ಅಡ್ಡ ಹಿಡಿದು, "ಹೇಗೆ ಹಾಕಿದ್ರೂ ಗಾಜು ಗಾಜೇ. ಮನೇ ಟೇಬಲ್ ತಾನೇ," ಎಂದಿದ್ದ. ಕಟ್ಟಡದಲ್ಲಿ ಒಂದೊಂದು ಗಾಜಿನ ಮುಖವನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪರೀಕ್ಷಿಸಿದವನು. ಪದರ ಮೇಲೆ ಬಂದುಬಿಟ್ಟಿದ್ದರಿಂದ ಮೇಜು ಕನ್ನಡಿಯಂತೆ ಹೊಳೆಯುತ್ತಿತ್ತು. "ನೀವು ಬರೋದು ತಡ ಆದ್ರೂ ನನಗೇನೂ ಬೇಜಾರಿಲ್ಲಪ್ಪ," ಎಂದು ಅವಳು ಒಮ್ಮೆ ಅಂದಿದ್ದಳು, "ಊಟಕ್ಕೆ ಕೂತ್ರೆ ಕೆಳಗೊಬ್ಬಳು ನನ್ನ ಜೊತೇಲೇ ಉಣ್ತಿರ್ತಾಳೆ. ನಾನು ತುತ್ತು ಎತ್ತಿದ್ರೆ ಅವಳೂ ಎತ್ತುತಾಳೆ." ಈ ಮಾತು ಅವನಿಗೆ ಎಷ್ಟು ಇಷ್ಟವಾಗಿತ್ತೆಂದರೆ, ಪದರದ ಗುಣ ವಿವರಿಸುವಾಗೆಲ್ಲ ಗಿರಾಕಿಗಳ ಮುಂದೆ ಹೇಳುತ್ತಿದ್ದ. ಅವರು ನಗುತ್ತಿದ್ದರು. ಅವನೂ ನಗುತ್ತಿದ್ದ.

ಮೇಸ್ತ್ರಿ ಇಬ್ಬರು ಆಳುಗಳೊಂದಿಗೆ ಬಂದ. ಗಾಜಿನ ಕೆಲಸದಲ್ಲಿ ತಲೆ ನರೆದವನು, ಅವನೊಂದಿಗೆ ಅನೇಕ ಕಟ್ಟಡ ಹತ್ತಿಳಿದವನು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದವನು ಮೇಜಿನ ಮುಂದೆ ನಿಂತ. "ಅಮ್ಮಾವ್ರು ಇಲ್ಲೇ ನನಗೆ ಕಾಫಿ ಕೊಟ್ಟಿದ್ರು ಸಾರ್, ಒಂದ್ಸಲ ಬಂದಾಗ," ಎಂದ. ಅಷ್ಟರಲ್ಲಿ ಪಾಲುದಾರನ ಫೋನು ಬಂತು. ಮಾಲೀಕರ ಕಡೆಯವರು ಮಧ್ಯಾಹ್ನ ಬಂದು ರಸ್ತೆಯ ಆಚೆ ಬದಿ ನಿಂತು ನೋಡುತ್ತಾರಂತೆ, ಅಷ್ಟರೊಳಗೆ ಗಾಜು ಕೂತಿರಬೇಕು. "ನಿಮ್ಮ ಟೇಬಲ್ ವಿಷಯ ಹೇಳಿದೆ ಸರ್, ತುಂಬಾ ಖುಷಿಪಟ್ರು. ಎಂಥಾ ಸೆಂಟಿಮೆಂಟು ಅಂದ್ರು." ಅವನು ಮಾತಾಡುತ್ತ ಬಾಲ್ಕನಿಗೆ ಹೋದ. ಬೆನ್ನ ಹಿಂದೆ ಗಾಜು ಚೌಕಟ್ಟಿನಿಂದ ಬಿಡಿಸಿಕೊಳ್ಳುವ ಸದ್ದು ಕೇಳಿತು. ಹೆಂಡತಿ ಬಿಗಿಯಾದ ಉಪ್ಪಿನಕಾಯಿ ಜಾಡಿಯ ಮುಚ್ಚಳವನ್ನು ತಿರುವುವಾಗ ಬರುತ್ತಿದ್ದಂಥ ಸದ್ದು. ಅವನು ತಿರುಗಿ ನೋಡಲಿಲ್ಲ. ನೋಡಿದ್ದರೆ ಬೇಡ ಅನ್ನುತ್ತಿದ್ದೆನೋ ಏನೋ ಎಂದು ಆಮೇಲೆ ಅನ್ನಿಸಿತು. ಆದರೆ ಹಾಗೆ ಅನ್ನಿಸಿದ್ದು ಆಮೇಲೆ. ಒಳಗೆ ಬಂದಾಗ ಅವರು ಅದನ್ನು ದುಪ್ಪಟಿಯ ಸಮೇತ ಕಂಬಳಿಯಲ್ಲಿ ಸುತ್ತಿ, ಹುಷಾರು ತಪ್ಪಿದವರನ್ನು ಇಳಿಸುವ ಹಾಗೆ ಮೆಟ್ಟಿಲಿನಲ್ಲಿ ಓರೆ ಮಾಡಿಕೊಂಡು ಇಳಿಸುತ್ತಿದ್ದರು. ಅವಳನ್ನು ಕೊನೆಯ ಸಲ ಆಸ್ಪತ್ರೆಗೆ ಇಳಿಸಿದ್ದೂ ಇದೇ ಮೆಟ್ಟಿಲಿನಲ್ಲಿ. ತಿರುವಿನಲ್ಲಿ ಹುಷಾರು, ತಿರುವಿನಲ್ಲಿ ಹುಷಾರು ಎಂದು ಅವನು ಆಗಲೂ ಹೇಳಿದ್ದ, ಈಗಲೂ ಹೇಳಿದ.

ಕಾರಿನಲ್ಲಿ ಹೋಗುತ್ತ ಅವನು ತನ್ನ ಪರವಾಗಿ ತಾನೇ ವಾದಿಸಿಕೊಂಡ. ಅವಳ ಕಾಯಿಲೆಯ ದಿನಗಳಲ್ಲಿ ಕಚೇರಿಗೆ ರಜೆ ಹಾಕಿ ಹಾಸಿಗೆಯ ಪಕ್ಕ ಕೂತಿರಲಿಲ್ಲವೇ, ಗಂಜಿಯನ್ನು ಚಮಚದಲ್ಲಿ ಕುಡಿಸಿರಲಿಲ್ಲವೇ. ಅದಕ್ಕೂ ಮುಂಚೆ ಕೆಲಸ, ತಿರುಗಾಟ, ಗಿರಾಕಿಗಳು, ಎಲ್ಲ ನಿಜ. ಆದರೆ ಎಷ್ಟು ಹೊತ್ತಾದರೂ ಮನೆ ಊಟ ಬಿಟ್ಟವನಲ್ಲ. ಇದು ಅವನ ಹೆಮ್ಮೆ. ಹೊರಗೆ ಕರೆದವರಿಗೆ, ಮನೇಲಿ ನನ್ನ ತಟ್ಟೆ ಕಾಯ್ತಿರುತ್ತೆ ಎಂದು ಹೇಳುತ್ತಿದ್ದುದು ಚೆನ್ನಾಗಿ ನೆನಪಿದೆ. ಬಾಗಿಲು ಸದ್ದಾಗದಂತೆ ತೆಗೆದು, ಕಿಟಕಿಯ ಕಡೆಯ ಕುರ್ಚಿಯಲ್ಲಿ ಕೂತು, ತಟ್ಟೆಯ ಮೇಲೆ ಮುಚ್ಚಿದ ಇನ್ನೊಂದು ತಟ್ಟೆಯನ್ನು ತೆಗೆಯುತ್ತಿದ್ದುದು, ತಣ್ಣಗಾದ ಅನ್ನದ ಮೇಲೆ ಅವಳ ಬೆರಳಿನ ಗುರುತು ಇರುತ್ತಿದ್ದುದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಎಷ್ಟೋ ಗಂಡಸರು ಅಷ್ಟೂ ಮಾಡುವುದಿಲ್ಲ. ಕಾರು ತಿರುವು ದಾಟಿದ ಕೂಡಲೇ ನೀಲಿ ಕಟ್ಟಡ ಎದ್ದು ಬಂತು. ಈಗಲೂ ಅವನ ಎದೆ ಒಂದು ಸಲ ಹಿಗ್ಗಿತು, ಸುಳ್ಳು ಹೇಳಬಾರದು. ಮೋಡ ಅದರ ಮೈಮೇಲೆ ಅವಸರವಿಲ್ಲದೆ ಸಾಗುತ್ತಿತ್ತು. ಪ್ರಾರಂಭದ ದಿನ ಅವಳನ್ನು ಕರೆತಂದು ಇಲ್ಲೇ ನಿಲ್ಲಿಸಿದ್ದ. ಅವಳು ಸೆರಗನ್ನು ಹಣೆಗೆ ಅಡ್ಡ ಹಿಡಿದು ಬಹಳ ಹೊತ್ತು ನೋಡಿದ್ದಳು. "ಒಳಗಿರೋರು ಕಾಣಲ್ವಲ್ಲ?" ಎಂದಳು. ಅದೇ ಇದರ ಜಾಣತನ ಎಂದು ಅವನು ವಿವರಿಸಿದ. ಒಳಗಿನವರಿಗೆ ಹೊರಗೆಲ್ಲ ಕಾಣುತ್ತದೆ, ಹೊರಗಿನವರಿಗೆ ತಮ್ಮ ಮುಖ, ತಮ್ಮ ಆಕಾಶ. "ಥೇಟ್ ನಿಮ್ಮ ಹಾಗೇ," ಎಂದು ನಕ್ಕಿದ್ದಳು. ಮೆಚ್ಚಿ ಅಂದದ್ದೆಂದು ಅವನು ಇಷ್ಟು ವರ್ಷ ತಿಳಿದುಕೊಂಡಿದ್ದ. ಈಗ ಕಾರಿನಿಂದ ಇಳಿಯುವಾಗ ಅದು ಹಾಗಿರಲಾರದೆನ್ನಿಸಿ, ಬಾಗಿಲು ಹಾಕುವುದನ್ನೂ ಮರೆತು ಮತ್ತೊಮ್ಮೆ ಕಟ್ಟಡದ ಕಡೆ ನೋಡಿದ.

ಕಟ್ಟಡದ ಹಿಂದಿನ ಅಂಗಳದಲ್ಲಿ ಗಾಜನ್ನು ಮರದ ದಿಮ್ಮಿಗಳ ಮೇಲೆ ಮಲಗಿಸಿದ್ದರು. ಕಂಬಳಿ ಬಿಚ್ಚಿ, ದುಪ್ಪಟಿ ತೆಗೆದು, ಆಳುಗಳು ಅದನ್ನು ನೀರು ಹಾಕಿ ತೊಳೆದರು. ನೆರಳಿನಲ್ಲಿ ಮಲಗಿದ್ದಾಗ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ, ಸ್ವಲ್ಪ ಮಂಕು ಹಿಡಿದ ಹಳೆಯ ಗಾಜು. ಮೇಸ್ತ್ರಿ ಅಂಚುಗಳನ್ನು ಸುತ್ತ ಬೆರಳಾಡಿಸಿ, ಚಕ್ಕೆ ಎದ್ದಿಲ್ಲ ಎಂದು ತಲೆಯಾಡಿಸಿದ. ಪದರದ ಗಾಜನ್ನು ಪಾಸು ಮಾಡಬೇಕಾದರೆ ನಿಲ್ಲಿಸಿ, ಆಕಾಶವನ್ನು ಬೆನ್ನಿಗಿಟ್ಟು, ಈಚೆಯಿಂದ ನೋಡಬೇಕು. ಆಗ ಹುಳುಕೆಲ್ಲ ಹೊರಬೀಳುತ್ತದೆ. ಅದು ಅವನೇ ಮಾಡಿದ ನಿಯಮ. ಹೊರಗೆ ಥಳುಕು ಒಳಗೆ ಹುಳುಕು ಎಂದು ಹೆಂಡತಿ ಅವನ ಕಸುಬನ್ನು ಅಣಕಿಸುತ್ತಿದ್ದಳು. ಅವನು ನಿಲ್ಲಿಸ್ರಪ್ಪ ಎಂದ. ಆಳುಗಳು ಹೀರಿ ಹಿಡಿಯುವ ರಬ್ಬರ್ ಬಟ್ಟಲಿನ ಹಿಡಿಗಳನ್ನು ಗಾಜಿಗೆ ಒತ್ತಿ ಕಚ್ಚಿಸಿ, ಅದನ್ನು ಉದ್ದನೆಯ ಅಂಚಿನ ಮೇಲೆ ಎತ್ತಿ ನಿಲ್ಲಿಸಿದರು. ಗಾಜಿನ ತುಂಬ ನೀಲಿ ತುಂಬಿತು. ಆ ನೀಲಿಯ ನಡುವೆ ಅಲ್ಲಲ್ಲಿ ಬಣ್ಣ ಹೋದ ಜಾಗಗಳಿದ್ದವು.

ಮೊದಲು ಅವನಿಗೆ ತಿಳಿಯಲಿಲ್ಲ. ಸೋಪಿನ ಕಲೆ ಎಂದುಕೊಂಡ, ಒರೆಸಿ ಎಂದ. ಒರೆಸಿದರೆ ಇನ್ನೂ ಸ್ಪಷ್ಟವಾಯಿತು. ಬಲಗಡೆಯ ತುದಿಯಲ್ಲಿ ಪದರ ಸವೆದು ಬಿಳಿ ಬೆಳಕು ಹಾಗೇ ತೂರಿ ಬರುತ್ತಿತ್ತು. ಅಲ್ಲೊಂದು ತಟ್ಟೆಯ ಅಗಲದ ಮಾಸಿದ ಸುತ್ತು. ಅದರ ಒಂದು ಪಕ್ಕಕ್ಕೆ ಮಣಿಕಟ್ಟು ಊರಿದ ಜಾಗ, ಇನ್ನೊಂದು ಪಕ್ಕಕ್ಕೆ ಮೊಣಕೈವರೆಗೆ ಇಡೀ ಮುಂಗೈ ಒರಗಿಸಿದ ಉದ್ದನೆಯ ಜಾಗ. ಊಟ ಮಾಡುವವರು ಅಷ್ಟು ಒರಗುವುದಿಲ್ಲ. ಊಟ ಮುಗಿದ ಮೇಲೂ ಕೂತಿರುವವರು, ಒಂದು ಕೈಯನ್ನು ಮೇಜಿಗೆ ಚಾಚಿ ಅದರ ಮೇಲೆ ತಲೆಯಿಟ್ಟುಕೊಳ್ಳುವವರು, ಬಾಗಿಲ ಕಡೆ ಕಿವಿಯಿಟ್ಟವರು ಹಾಗೆ ಒರಗುತ್ತಾರೆ. ನಡುವೆ, ಉದ್ದನೆಯ ಅಂಚಿನಲ್ಲಿ ಇನ್ನೊಂದು ಜಾಗ, ಎರಡು ಸಣ್ಣ ಮೊಣಕೈಗಳದ್ದು, ಅದರ ಮುಂದೆ ತುಂಬ ಗೀರುಗಳು, ಕಂಪಾಸಿನ ಮೊನೆಯ ಗೋಲ, ಒತ್ತಿ ಬರೆದ ಕೂಡಿಸುವ ಕಳೆಯುವ ಚಿಹ್ನೆ. ಮಗಳು ಪಾಠ ಬರೆಯುತ್ತಿದ್ದ ಜಾಗ. ಅವನು ಹತ್ತಿರ ಹೋದ. ಎಲ್ಲರೂ ಕೂತಿದ್ದಾರೆ ಎಂದು ಅನ್ನಿಸಿತು. ಹೆಂಡತಿ ಇದ್ದಾಳೆ, ಮಗು ಇದೆ, ಗಾಜಿನಲ್ಲಿ ಬೆಳಕಾಗಿ ಕೂತಿದ್ದಾರೆ. ಅಳು ಬರುವುದರೊಳಗೆ ಒಂದು ಬಗೆಯ ಸಂತೋಷವೂ ಬಂತು. ಎಡಗಡೆಯ ತುದಿಯತ್ತ ಕಣ್ಣು ಹೊರಳಿಸಿದ. ಕಿಟಕಿಯ ಕಡೆಯ ತುದಿ, ತನ್ನ ಜಾಗ.

ಅಲ್ಲಿ ನೀಲಿ ಹಾಗೇ ಇತ್ತು. ಪೆನ್ಸಿಲು ಊರಿ ನೋಡಿದ್ದೂ ಅಲ್ಲೇ. ಅದಕ್ಕೇ ಬೆಳಿಗ್ಗೆ ಏನೂ ಗೊತ್ತಾಗಿರಲಿಲ್ಲ. ಆ ನೀಲಿಯ ನಡುವೆ ಒಂದೇ ಒಂದು ಗುರುತಿತ್ತು, ಉಂಗುರದ ಹಾಗೆ ದುಂಡಗೆ, ಅಚ್ಚುಕಟ್ಟಾಗಿ. ಅಷ್ಟು ಅಚ್ಚುಕಟ್ಟಾಗಿ ಸವೆಯಬೇಕಾದರೆ ಅದೇ ಜಾಗದಲ್ಲಿ ಅದೇ ತಟ್ಟೆಯನ್ನು ಎಷ್ಟು ಸಲ ಇಟ್ಟು ಎಷ್ಟು ಸಲ ಎತ್ತಿರಬೇಕು. ಉಂಗುರದ ಪಕ್ಕದಲ್ಲಿ ಮಣಿಕಟ್ಟಿನ ಗುರುತಿಲ್ಲ. ಮುಂಗೈಯ ಗುರುತಿಲ್ಲ. ತಟ್ಟೆ ಇತ್ತು, ಕೈ ಇರಲಿಲ್ಲ. ಅವನು ಕಣ್ಣುಜ್ಜಿಕೊಂಡು ಮತ್ತೆ ಹುಡುಕಿದ. ಪೆನ್ಸಿಲು ತೆಗೆದು, ಯಾವುದಾದರೂ ಒಂದು ಕಡೆ ಪದರ ಸವೆದು ಸಂದಿ ಕಾಣಲಿ ಎಂದು ಉಂಗುರದ ಸುತ್ತ ಊರುತ್ತ ಹೋದ. ಎಲ್ಲ ಕಡೆಯೂ ಮೊನೆಗೆ ಮೊನೆ ತಾಗಿತು. ಪದರ ಹೊಸದರಂತೆ ಉಳಿದಿತ್ತು. ಪಕ್ಕದಲ್ಲಿ ಬಂದು ನಿಂತ ಮೇಸ್ತ್ರಿಗೆ ಅವನ ಮುಖ ಕಾಣಲಿಲ್ಲ. "ಆ ಕಡೆ ಕೆಟ್ಟಿದೆ ಸಾರ್. ಆದ್ರೆ ಈ ತುದಿ ಚಿನ್ನದ ಹಾಗಿದೆ, ಯಾರದೂ ಕೈಯೇ ಬಿದ್ದಿಲ್ಲ. ಇದನ್ನ ರಸ್ತೆ ಕಡೆ ಬರೋ ಹಾಗೆ ಮಾಡಿ, ಸವೆದಿರೋದನ್ನ ಕಂಬದ ಮರೆಗೆ ಸೇರಿಸಿದ್ರೆ, ಹಿಂದೆ ಒಂದು ಕರಿ ಹಾಳೆ ಅಂಟಿಸಿದ್ರೆ, ದೂರದಿಂದ ನೋಡೋರಿಗೆ ಏನೂ ಗೊತ್ತಾಗಲ್ಲ. ಕೂರಿಸಿಬಿಡ್ಲಾ?"

ದೂರದಿಂದ ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ಜೀವಮಾನವಿಡೀ ಅವನು ಕಟ್ಟಿದ್ದೇ ಅದು. ಕೂರಿಸಿಬಿಡು ಎನ್ನುವುದು ಎಷ್ಟು ಸುಲಭ. ನೀಲಿ ಉಳಿಯುತ್ತದೆ, ಸಭೆಯಲ್ಲಿ ಕೆಮ್ಮಿದವಳು ತಲೆ ತಗ್ಗಿಸುತ್ತಾಳೆ, ಮಾಲೀಕರು ಸೆಂಟಿಮೆಂಟು ಎನ್ನುತ್ತಾರೆ. ಅವನ ಬಾಯಿಯೊಳಗೆ ಆ ಮಾತು ರೂಪುಗೊಳ್ಳುತ್ತಿದ್ದಾಗಲೇ, ತಣ್ಣಗಾದ ಅನ್ನದ ಮೇಲಿನ ಬೆರಳ ಗುರುತಿನ ನೆನಪು ಯಾವ ರಾತ್ರಿಯದೆಂದು ಹುಡುಕಿದ. ಒಂದೇ ರಾತ್ರಿ ಸಿಕ್ಕಿತು. ಮಗಳಿಗೆ ಜ್ವರ ಬಂದಿದ್ದ ರಾತ್ರಿ ಅದು. ಇನ್ನೊಂದು ರಾತ್ರಿ ಸಿಗಬಹುದೆಂದು ತಡಕಿದ. ಸಿಕ್ಕಿದ್ದು ಬೇರೆ ರಾತ್ರಿಗಳು. ಗಿರಾಕಿಗಳ ಜೊತೆ ಹೊಟ್ಟೆ ಬಿರಿಯ ತಿಂದು ಬಂದು, ಕತ್ತಲಲ್ಲಿ ಮೇಜಿನ ಮೇಲೆ ಮುಚ್ಚಿಟ್ಟಿದ್ದ ತಟ್ಟೆಯನ್ನು ಕಂಡು, ಅವಳನ್ನು ಎಬ್ಬಿಸುವುದು ಬೇಡ ಎಂಬ ಒಳ್ಳೆಯತನದಲ್ಲಿ ಸುಮ್ಮನೆ ಮಲಗಲು ಹೋದ ರಾತ್ರಿಗಳು. ಬೆಳಿಗ್ಗೆ ಎದ್ದರೆ ಮೇಜು ಒರೆಸಿ ಫಳಫಳ ಹೊಳೆಯುತ್ತಿತ್ತು. ತಟ್ಟೆ ಇರುತ್ತಿರಲಿಲ್ಲ. ಅದು ಎಲ್ಲಿಗೆ ಹೋಯಿತೆಂದು ಅವನು ಒಂದು ದಿನವೂ ಕೇಳಿರಲಿಲ್ಲ. ಅವಳೂ ಒಂದು ದಿನವೂ ಹೇಳಿರಲಿಲ್ಲ.

ಜೇಬಿನಲ್ಲಿ ಫೋನು ನಡುಗಿತು. ಮಗಳು. ಸಂಜೆ ಬರುತ್ತೇನೆಂದವಳು ವ್ಯಾನು ಬೇಗ ಸಿಕ್ಕಿತೆಂದು ಆಗಲೇ ಮನೆಗೆ ಬಂದಿದ್ದಳು. "ಅಪ್ಪ, ಇಲ್ಲಿ ಯಾರೋ ಬಂದು ಟೇಬಲ್‌ಗೆ ಬಿಳಿ ಗಾಜು ಹಾಕಿ ಹೋಗಿದ್ದಾರೆ. ಅಮ್ಮನ ಗಾಜು ಎಲ್ಲಿ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿಗೂ ಮುಂಚಿನದೇನೋ ಇತ್ತು. ಒಡೆಯಿತು ಎನ್ನಬಹುದಿತ್ತು. ಗಾಜು ತಾನಾಗಿ ಒಡೆಯುತ್ತದೆ, ಒಳಗೆ ಕಲ್ಲಿರುತ್ತದೆ, ಅವಳು ನಂಬುತ್ತಿದ್ದಳು. "ಇಲ್ಲೇ ಇದೆ," ಎಂದ. "ನನ್ನ ಎದುರಿಗೇ ಇದೆ." ನೀಲಿ ಕಟ್ಟಡದ ಸುದ್ದಿ ಅವಳಿಗೂ ಗೊತ್ತಿತ್ತು. ಅವನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಆಮೇಲೆ, ಏಕೆ ಕೇಳುತ್ತಿದ್ದೇನೆಂದು ತನಗೇ ತಿಳಿಯುವ ಮೊದಲು, ಅವನು ಕೇಳಿದ. "ಪುಟ್ಟೀ, ರಾತ್ರಿ ನನಗೇಂತ ಇಟ್ಟಿರ್ತಿದ್ದ ಊಟ, ನಾನು ಉಣ್ಣದೇ ಇದ್ದಾಗ, ಅದೇನಾಗ್ತಿತ್ತು?"

"ಈಗ್ಯಾಕೆ ಅದು?"

"ಹೇಳು."

"ಅಮ್ಮ ಬೆಳಿಗ್ಗೆ ಅದನ್ನೇ ತಿಂತಿದ್ಲು," ಎಂದಳು ಮಗಳು. "ನಮಗೆ ಬಿಸಿ ತಿಂಡಿ ಮಾಡಿ ಕೊಟ್ಟು, ಅವಳು ಒಳಗೆ ಕಟ್ಟೆ ಹತ್ರ ನಿಂತ್ಕೊಂಡು ಅದನ್ನ ತಿಂದ್ಬಿಡ್ತಿದ್ಲು. ಅನ್ನ ಚೆಲ್ಲಬಾರದು ಅಂತ. ದಿನಾ. ನಿಮಗೆ ಗೊತ್ತಿರಲಿಲ್ವಾ?"

ಅಂಗಳದಲ್ಲಿ ಆಳುಗಳು ಗಾಜನ್ನು ಹಿಡಿದು ನಿಂತೇ ಇದ್ದರು, ಅವರ ತೋಳು ಸೋಲುತ್ತಿತ್ತು. ಮೇಸ್ತ್ರಿ ಅವನ ಮುಖ ನೋಡುತ್ತಿದ್ದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂಬ ಮಾತನ್ನು ಅವನು ಚಿಕ್ಕಂದಿನಿಂದ ಕೇಳಿದ್ದ. ಬೇಕಾಗುತ್ತದೆ. ಕೆಲವರಿಗೆ ಬೇಕಾಗುತ್ತದೆ. "ಮನೆಗೆ ವಾಪಸ್ ತಗೊಂಡು ಹೋಗೋಣ ಮೇಸ್ತ್ರಿ," ಎಂದ. ಮೇಸ್ತ್ರಿ ಕಂಬಳಿ ತನ್ರೋ ಎಂದು ಕೂಗಿದ. ಅಷ್ಟರಲ್ಲಿ ಅವನು ಪಾಲುದಾರನಿಗೆ ಫೋನು ಮಾಡಿ, ಗಾಜು ಪಾಸಾಗಲಿಲ್ಲ, ಪದರ ಸವೆದಿದೆ ಎಂದ. ಆ ಕಡೆಯಿಂದ ಒಂದು ಉಸಿರು ಬಿಟ್ಟ ಸದ್ದು. "ಹಾಗಾದ್ರೆ ಮಾಲೀಕರಿಗೆ ಹೇಳಿಬಿಡ್ತೀನಿ ಸರ್. ನೀಲಿ ತೆಗೆಸೋದೇ ಆಗುತ್ತೆ." ಆಗಲಿ ಎಂದ. ಹಾಗೆ ಅನ್ನುವುದು ಇನ್ನೂ ಕಷ್ಟವಾಗಬೇಕಿತ್ತು ಎಂದು ಅವನಿಗೆ ಆಶ್ಚರ್ಯವಾಯಿತು. ಕಾರನ್ನು ಅಲ್ಲೇ ಬಿಟ್ಟು, ಗಾಜಿನ ಗಾಡಿಯಲ್ಲಿ ಮೇಸ್ತ್ರಿಯ ಪಕ್ಕ ಕೂತು ಬಂದ. ಹಿಂದೆ, ಕಂಬಳಿಯೊಳಗೆ, ಹೆಂಡತಿಯ ಕೈ ಇತ್ತು. ಹಳ್ಳ ಬಂದಾಗೆಲ್ಲ ನಿಧಾನ, ನಿಧಾನ ಎನ್ನುತ್ತಿದ್ದ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಮೇಸ್ತ್ರಿ ರಸ್ತೆಯನ್ನೇ ನೋಡುತ್ತಿದ್ದ.

ಮಗಳು ಬಾಗಿಲಲ್ಲಿ ನಿಂತಿದ್ದಳು. ಆಸ್ಪತ್ರೆಯಲ್ಲಿ ಮುರಿದ ಕೈಕಾಲುಗಳಿಗೆ ಮತ್ತೆ ಆಡುವುದನ್ನು ಕಲಿಸುವ ಕೆಲಸ ಅವಳದು. ಆ ಕೆಲಸದ ಬಟ್ಟೆಯಲ್ಲೇ ಬಂದಿದ್ದಳು. ಬಿಳಿ ಗಾಜನ್ನು ಎತ್ತಿ ಗೋಡೆಗೆ ಒರಗಿಸಿದರು. ಹಳೆಯದನ್ನು ಚೌಕಟ್ಟಿನ ಮೇಲೆ ತಂದು ಹಿಡಿದಾಗ, ಸಂಜೆಯ ಬೆಳಕು ಬಾಲ್ಕನಿಯಿಂದ ಅದರ ಹಿಂದೆ ಬಿತ್ತು, ಅವಳೂ ನೋಡಿದಳು. ಅವನು ಅವಳ ಮುಖ ನೋಡಿದ, ಆಶ್ಚರ್ಯ ಕಾಣಲಿಲ್ಲ. "ನಾನು ಟೇಬಲ್ ಒರೆಸೋವಾಗೆಲ್ಲ ನೋಡ್ತಿದ್ನಲ್ಲ ಅಪ್ಪ," ಎಂದಳು, "ಬೆಳಕಿಗೆ ಓರೆ ಮಾಡಿ ನೋಡಿದ್ರೆ ಕಾಣ್ತಿತ್ತು." ಆಳುಗಳಲ್ಲೊಬ್ಬ ಕೇಳಿದ, "ಯಾವ ಮುಖ ಮೇಲೆ ಸಾರ್?" ಎಲ್ಲರೂ ಅವನತ್ತ ತಿರುಗಿದರು. ಪದರ ಕೆಳಕ್ಕೆ, ಎಂದು ಹೇಳಬೇಕು. ಕೆಳಗಿದ್ದರೆ ಇನ್ನು ಸವೆಯುವುದಿಲ್ಲ, ಇದ್ದಷ್ಟು ಗುರುತು ಇದ್ದ ಹಾಗೇ ಉಳಿಯುತ್ತದೆ. "ಪದರ ಕೆಳಗೆ ಹಾಕಿದ್ರೆ ಅಮ್ಮನ ಗುರುತು..." ಎಂದು ಶುರು ಮಾಡಿದ, ಮುಗಿಸಲಾಗಲಿಲ್ಲ.

"ಮೇಲೇ ಇರಲಿ," ಎಂದಳು ಮಗಳು. "ನಮ್ಮನೇಲೂ ಕೈ ಬೀಳಲಿ. ಊಟದ ಟೇಬಲ್ ಅಂದ್ರೆ ಸವೀಬೇಕು."

ಮೇಜನ್ನು ವ್ಯಾನಿಗೆ ಹತ್ತಿಸಿದರು. ಮೆಟ್ಟಿಲಿನ ತಿರುವಿನಲ್ಲಿ ಈ ಸಲ ಹುಷಾರು ಎಂದದ್ದು ಅವಳು. ಅವನು ಚಪ್ಪಲಿಯಿಲ್ಲದೆ ರಸ್ತೆಯವರೆಗೆ ಬಂದಿದ್ದ. ಅವಳು ಮುಂದಿನ ಸೀಟು ಹತ್ತಿ, ಬಾಗಿಲು ಎಳೆದುಕೊಂಡು, ಕಿಟಕಿಯ ಗಾಜು ಇಳಿಸಿದಳು. ಊಟಕ್ಕೆ ಬನ್ನಿ ಎನ್ನುತ್ತಾಳೇನೋ ಎಂದು ಕಾದ. ತಾನಾಗಿ ಕೇಳಬಹುದು ಎಂದು ಹೊಳೆಯುವಷ್ಟರಲ್ಲಿ ವ್ಯಾನು ಶುರುವಾಗಿತ್ತು. "ನಾನು ಒಂದಿನ ಊಟಕ್ಕೆ ಬರ್ಲಾ?" ಎಂದ. ಸದ್ದಿನಲ್ಲಿ ಕೇಳಿಸಲಿಲ್ಲವೆಂದು ಮತ್ತೊಮ್ಮೆ, ಗಟ್ಟಿಯಾಗಿ, ಬೀದಿಯವರೆಲ್ಲ ಕೇಳುವಂತೆ ಅಂದ. ಅವಳು ಅವನನ್ನೇ ನೋಡಿದಳು. ತಾಯಿಯ ಕಣ್ಣು.

"ಬನ್ನಿ," ಎಂದಳು. "ಆದ್ರೆ ಹೇಳಿದ ಹೊತ್ತಿಗೆ ಬನ್ನಿ ಅಪ್ಪ. ತಟ್ಟೆ ಮುಚ್ಚಿಟ್ಟು ಕಾಯೋ ಅಭ್ಯಾಸ ನನಗಿಲ್ಲ."

ಆಯ್ತಮ್ಮ ಎಂದ. ವ್ಯಾನು ತಿರುವು ದಾಟಿತು. ಮೇಲೆ ಬಂದು ನೋಡಿದರೆ ಮೇಜು ಇದ್ದ ಜಾಗದಲ್ಲಿ ಬರೀ ನೆಲವಿತ್ತು, ಸುತ್ತ ಕುರ್ಚಿಗಳು ಮಾತ್ರ ಉಳಿದಿದ್ದವು. ಕಿಟಕಿಯ ಕಡೆಯದನ್ನು ಬಿಟ್ಟು, ಹೆಂಡತಿ ಕೂರುತ್ತಿದ್ದ ಅಡುಗೆಮನೆಯ ಕಡೆಯ ಕುರ್ಚಿಯ ಮೇಲಿದ್ದ ನಕ್ಷೆಗಳನ್ನು ಕೆಳಗಿಳಿಸಿ, ಅವನು ಅದರಲ್ಲಿ ಕೂತ. ಬಾಗಿಲು ಅಲ್ಲಿಂದ ನೇರವಾಗಿ ಕಾಣುತ್ತಿತ್ತು.